ಬೋರ್ಡಪ್ಪ ಗೋಡೆ ಬರೆದದ್ದು

ಬೋರ್ಡಪ್ಪ ಒಮ್ಮೆ ಒಂದು ಅಂಗಡಿಗೆ ‘ಇಂದು ರಜೆ’ ಎಂದು ಬರೆದುಕೊಟ್ಟ ಹಲಗೆ ಎಷ್ಟು ಸೊಗಸಾಗಿತ್ತೆಂದರೆ, ಅದನ್ನು ಓದಿದ ಮಾಲೀಕ ಮನೆಗೆ ಹೋದ, ಎದುರಂಗಡಿಯವನೂ ಮನೆಗೆ ಹೋದ, ಬೀದಿಯ ತುದಿಯಲ್ಲಿದ್ದ ಗಡಿಯಾರವೂ ಮೂರು ದಿನ ನಿಂತುಬಿಟ್ಟಿತು. ನಾಲ್ಕನೆಯ ದಿನ ಬೋರ್ಡಪ್ಪನೇ ಹೋಗಿ ಹಲಗೆಯನ್ನು ತಿರುಗಿಸಿ ಹಾಕಿದ ಮೇಲೆ ಲೋಕ ಮತ್ತೆ ನಡೆಯತೊಡಗಿತು. ನಂಬದವರು ಹೋಗಿ ಗಡಿಯಾರವನ್ನೇ ಕೇಳಬಹುದು.

ಅಂಗಡಿ, ಕ್ಲಿನಿಕ್ಕು, ಲಾರಿ, ಕಾಂಪೌಂಡು ಎನ್ನದೆ ಅಕ್ಷರ ನಿಲ್ಲುವ ಜಾಗದಲ್ಲೆಲ್ಲ ನಲವತ್ತು ವರ್ಷ ಬರೆದ ಕೈ ಅದು. ಈಗ ಬೋರ್ಡುಗಳನ್ನು ಯಂತ್ರಗಳು ಅಚ್ಚು ಹಾಕುತ್ತವೆ. ಬೋರ್ಡಪ್ಪನನ್ನು ಕೇಳಿದರೆ, ಅವನಿಗೆ ಒಂದಿಷ್ಟು ವಿಶ್ರಾಂತಿ ಸಿಗಲಿ ಎಂದೇ ವಿಜ್ಞಾನಿಗಳು ಊಟ ನಿದ್ದೆ ಬಿಟ್ಟು ಆ ಯಂತ್ರ ಕಂಡುಹಿಡಿದರು.

ಇಂಥ ಮಹಾಪುರುಷನ ಮನೆಯಲ್ಲಿ ಒಂದು ಪ್ಯಾಸೇಜ್ ಇತ್ತು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿ; ಹದಿನಾಲ್ಕು ಅಡಿ ಉದ್ದ, ಕಿಟಕಿಯ ಸುಳಿವಿಲ್ಲ. ಹಿಂದಿನ ಮಾಲೀಕ ಯಾವ ಕಾಲದಲ್ಲೋ ಹೊಡೆಸಿದ ಕಂದು ಬಣ್ಣ ಈಗ ಕಪ್ಪಿಗೆ ತಿರುಗಿತ್ತು. ಮಟಮಟ ಮಧ್ಯಾಹ್ನದಲ್ಲೂ ಬಾವಲಿಯೊಂದು ಒಳಗೆ ಹೋದರೆ ದಾರಿ ಕೇಳಿಕೊಂಡು ಹೊರಬರಬೇಕು. ಸಾಲದ್ದಕ್ಕೆ ನಡುವೆ ಒಂದು ಮೆಟ್ಟಿಲು. ಆ ಮೆಟ್ಟಿಲು ಕಾಣದೆಯೇ ಅವನ ಹೆಂಡತಿ ಮುಗ್ಗರಿಸಿ ಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡಳು. ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ನೇರ ಮಗಳ ಮನೆ ಸೇರಿದವಳು ಅಲ್ಲಿಂದಲೇ ಹುಕುಂ ಹೊರಡಿಸಿದಳು.

“ಆ ಗವಿಗೆ ಬಣ್ಣ ಆಗೋವರೆಗೂ ನಾನು ಬರಲ್ಲ. ಬಚ್ಚಲಿಗೆ ಹೋಗೋಕೆ ಇನ್ನೊಬ್ಬರ ಕೈ ಹಿಡ್ಕೊಳ್ಳೋ ಪೈಕಿ ನಾನಲ್ಲ. ಭಾನುವಾರ ಸಾಯಂಕಾಲ ಬಂದು ನೋಡ್ತೀನಿ. ಸರಿ ಕಂಡ್ರೆ ಇರ್ತೀನಿ, ಇಲ್ಲದಿದ್ರೆ ಬಂದ ಕಾರಲ್ಲೇ ವಾಪಸ್ಸು.”

ಅವಳು ಹೋಗಿ ಆರು ವಾರವಾಗಿತ್ತು. ಆರು ವಾರದಿಂದ ಮನೆಯಲ್ಲಿ ಬೋರ್ಡಪ್ಪನ ಮಾತನ್ನು ನಂಬದಿರುವವರು ಒಬ್ಬರೂ ಇರಲಿಲ್ಲ. ಇದ್ದವನು ಮಗನೊಬ್ಬ, ಕನ್ನಡಕದ ಅಂಗಡಿಯಲ್ಲಿ ಕೆಲಸ. “ಇವತ್ತು ನಲ್ಲೀಲಿ ಮೊಳದುದ್ದದ ಮೀನು ಬಂತು ಕಣೋ” ಎಂದರೆ ತಟ್ಟೆಯಿಂದ ತಲೆ ಎತ್ತದೆ “ಹೌದಪ್ಪ” ಎನ್ನುವ ಗಿರಾಕಿ. ಅದೇ ಅವಳಿದ್ದಿದ್ದರೆ “ಸಾಕು, ಕೆಳಗಿಳೀರಿ” ಎಂದು ಗದರುತ್ತಿದ್ದಳು. ಅದಕ್ಕೆ ಬೋರ್ಡಪ್ಪ ಮೊಳದ ಮೀನನ್ನು ಮಾರುದ್ದ ಮಾಡುತ್ತಿದ್ದ. ಎಳೆಯುವವರಿಲ್ಲದೆ ಗಾಳಿಪಟ ಹಾರೀತು ಹೇಗೆ? ಅವಳು ಮನೆಗೆ ಬರಲೇಬೇಕಿತ್ತು.

“ಅಪ್ಪಾ, ಪೇಂಟರ್‌ಗೆ ಹೇಳ್ಲಾ?” ಎಂದ ಮಗ.

“ಯಾರಿಗೆ ಯಾರನ್ನ ಕರೀತೀಯೋ? ಆಳೆತ್ತರದ ಅಕ್ಷರ ಬರೆದೋನ ಮನೆಗೆ ಪೇಂಟರಾ? ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಎಡಗೈ ಕೆಲಸ ಇದು. ಬಲಗೈಲಿ ಪೇಪರ್ ಓದ್ತೀನಿ.”

“ಹೌದಪ್ಪ.”

ಶುಕ್ರವಾರ ಬೆಳಿಗ್ಗೆ ಬೆಣ್ಣೆ ಬಣ್ಣದ ಡಬ್ಬಿ ಬಂತು. ಬೋರ್ಡಪ್ಪ ಪ್ಯಾಸೇಜಿನ ಈ ಮೂಲೆಯಿಂದ ಆ ಮೂಲೆಗೆ ಸೀಮೆಸುಣ್ಣ ಹಚ್ಚಿದ ದಾರ ಕಟ್ಟಿ, ಬೆರಳಲ್ಲಿ ಮೀಟಿ, ಗೋಡೆಯ ಮೇಲೆ ಒಂದರ ಕೆಳಗೊಂದು ಗೆರೆ ಮೂಡಿಸಿದ. ಆ ಗೆರೆಗಳು ಎಷ್ಟು ನೇರವಾಗಿದ್ದವೆಂದರೆ ಇರುವೆಯೊಂದು ಅವುಗಳ ಮೇಲೆ ನಡೆದು ತನ್ನ ನಡಿಗೆ ತಿದ್ದಿಕೊಂಡಿತು. ಆಮೇಲೆ ಎರಡಿಂಚಿನ ಬ್ರಷ್ಷು ಹಿಡಿದು, ಎಡಗಡೆ ಮೇಲಿನ ಮೂಲೆಯಲ್ಲಿ ಶುರುಮಾಡಿ ಬಲಕ್ಕೆ ಸಾಗಿದ. ಮೊದಲ ಸಾಲು ಮುಗಿಯಿತು. ಬ್ರಷ್ಷು ತೊಳೆದ. ಟೀ ಕುಡಿದ. ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಎರಡನೆಯ ಸಾಲು, ಮತ್ತೆ ಟೀ. ನಲವತ್ತು ವರ್ಷದಿಂದ ಅವನ ಕೈಗೆ ಗೊತ್ತಿದ್ದದ್ದು ಅದೊಂದೇ ರೀತಿ: ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗುವುದು.

ಸಾಯಂಕಾಲದ ಹೊತ್ತಿಗೆ ಎಲ್ಲ ಒಣಗಿತು. ಒಂದೊಂದು ಸಾಲಿನ ಅಂಚೂ ಬೇರೆಬೇರೆ ಹೊತ್ತಿಗೆ ಒಣಗಿ, ಎರಡು ಸಾಲು ಕೂಡಿದಲ್ಲೆಲ್ಲ ದಪ್ಪ ಗೆರೆ ಎದ್ದು ಕೂತಿತ್ತು. ಮಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಕಾಪಿಪುಸ್ತಕ ಚೆನ್ನಾಗಿ ಬಂದಿದೆ ಅಪ್ಪ. ಅಮ್ಮ ಬಂದು ಅ ಆ ಇ ಈ ತಿದ್ದೋದೊಂದೇ ಬಾಕಿ.”

“ಇದು ಡಿಸೈನು ಕಣೋ. ದೊಡ್ಡದೊಡ್ಡ ಹೋಟೆಲಲ್ಲೆಲ್ಲ ಈಗ ಹೀಗೇ.”

“ಹೌದಪ್ಪ.”

ಆ ‘ಹೌದಪ್ಪ’ ಮುಳ್ಳಿನ ಹಾಗೆ ಚುಚ್ಚಿತು. ಬೋರ್ಡಪ್ಪ ಮೆಟ್ಟಿಲ ಮೇಲೆ ಕೂತು ಗೋಡೆಯನ್ನು ದಿಟ್ಟಿಸಿದ. ಇಷ್ಟು ವರ್ಷ ತಾನು ಬರೆದ ಗೋಡೆಗಳಿಗೆ ಲೆಕ್ಕವಿರಲಿಲ್ಲ. ಅವುಗಳಲ್ಲಿ ಯಾವುದಕ್ಕೆ ತಾನು ಬಣ್ಣ ಹೊಡೆದಿದ್ದೆ? ಯಾವುದಕ್ಕೂ ಇಲ್ಲ. ಹೊತ್ತಾರೆ ಎದ್ದು, ಸೆರಗು ಬಿಗಿದು, ಬಕೆಟ್ಟು ಹಿಡಿದು ಹೋಗಿ ಗೋಡೆಯನ್ನು ಹಾಲಿನಂತೆ ಬಿಳಿ ಮಾಡಿ ಬರುತ್ತಿದ್ದವಳು ಅವಳು. ತಾನು ಹತ್ತು ಗಂಟೆಗೆ ತಲೆ ಬಾಚಿಕೊಂಡು ಹೋಗಿ, ಸಿದ್ಧವಾಗಿ ನಿಂತ ಗೋಡೆಯ ಮೇಲೆ ಅಕ್ಷರ ಬರೆದು, ದಾರಿಹೋಕರ “ಭಲೇ!” ಕೇಳಿಸಿಕೊಂಡು ಮನೆಗೆ ಬರುತ್ತಿದ್ದ.

ಬೋರ್ಡಪ್ಪ ಧೃತಿಗೆಡುವ ಆಸಾಮಿಯಲ್ಲ. ಫೋನು ಎತ್ತಿಕೊಂಡ.

“ಏನೇ, ಕಾಲು ಹೇಗಿದೆ?”

“ಕಾಲು ಕಾಲಿನ ಥರಾನೇ ಇದೆ. ಪ್ಯಾಸೇಜ್ ಹೇಗಿದೆ?”

“ಮುಗೀತು ಅಂತಲೇ ತಿಳ್ಕೋ. ಗೋಡೆ ನೋಡಿ ಸೂರ್ಯ ನಾಚ್ಕೊಂಡು ಬೇಗ ಮುಳುಗಿದ. ಅದಿರ್ಲಿ, ಆಪರೇಷನ್ ಆದ್ಮೇಲೆ ಕೆಲವರಿಗೆ ಮರೆವು ಬರುತ್ತಂತೆ. ನಿನ್ನದೊಂದು ಪರೀಕ್ಷೆ ಮಾಡೋಣ ಅಂತ. ಆಗೆಲ್ಲ ಗೋಡೆಗೆ ಹೇಗೆ ಹೊಡೀತಿದ್ದೆ? ಹೇಳು ನೋಡೋಣ.”

ಆ ಕಡೆಯಿಂದ ಉತ್ತರ ಪಟಪಟ ಬಂತು.

“ಮೊದಲು ಮರಳು ಕಾಗದದಲ್ಲಿ ಉಜ್ಜಬೇಕು, ಒದ್ದೆ ಬಟ್ಟೇಲಿ ಒರೆಸ್ಬೇಕು. ಅಗಲದ ಬ್ರಷ್ಷು. ಮೇಲಿಂದ ಕೆಳಕ್ಕೆ. ಒಂದು ಪಟ್ಟೆ ಹಸಿ ಇರೋವಾಗ್ಲೇ ಪಕ್ಕದ್ದನ್ನ ಸೇರಿಸ್ಬೇಕು. ನಡುವೆ ಟೀ ಗೀ ಅಂತ ಕೂತ್ರೆ ಕೆಟ್ಟಿತು.”

“ಭೇಷ್! ನೂರಕ್ಕೆ ನೂರು!” ಎಂದು ಬೋರ್ಡಪ್ಪ ಫೋನಿಟ್ಟ.

ಶನಿವಾರ ಅವನು ಉಜ್ಜಿದ ರಭಸಕ್ಕೆ ಎದ್ದ ಧೂಳಿನಲ್ಲಿ ಮನೆಯೇ ಮಾಯವಾಗಿ, ಪೋಸ್ಟ್‌ಮನ್ ವಿಳಾಸ ಸಿಗದೆ ಎರಡು ಸುತ್ತು ಹಾಕಿದ. ಆಮೇಲೆ ಅಗಲದ ಬ್ರಷ್ಷು. ಬಣ್ಣ ಮೊಣಕೈಗಿಳಿಯಿತು, ಬಗಲಿಗಿಳಿಯಿತು, ಪಂಚೆಯನ್ನೂ ಬಿಡಲಿಲ್ಲ. ಎರಡನೆಯ ಫೋನು ಹೋಯಿತು.

“ಪರೀಕ್ಷೆ ಎರಡನೇ ಭಾಗ. ಬಣ್ಣ ಕೈಮೇಲೆ ಇಳಿದ್ರೆ ಏನು ಮಾಡ್ಬೇಕು?”

“ಯಾರ ಕೈಮೇಲೆ?”

“ಛೆ, ಸಾಮಾನ್ಯವಾಗಿ. ಜನರ ಕೈಮೇಲೆ.”

“ಬ್ರಷ್ಷಿನ ಮೂರನೇ ಒಂದು ಪಾಲು ಮಾತ್ರ ಅದ್ದಿ, ಡಬ್ಬಿ ಅಂಚಿಗೆ ಒತ್ತಿ ತೆಗೀಬೇಕು ಅಂತ ಆ ಜನರಿಗೆ ಹೇಳಿ.”

ಹೇಳಿದ ಹಾಗೆ ಮಾಡಿದ. ಮೇಲಿಂದ ಕೆಳಕ್ಕೆ, ಹಸಿಗೆ ಹಸಿ ಸೇರಿಸುತ್ತ, ಟೀಯ ಆಸೆ ಬಿಟ್ಟು. ಇಳಿಹೊತ್ತಿಗೆ ಗೋಡೆ ಹೊಲಿಗೆಯಿಲ್ಲದ ಬಟ್ಟೆಯಂತೆ ನಿಂತಿತು. ತೋಳುಗಳು ಮಾತ್ರ ಯಾರದೋ ಮನೆಯಿಂದ ಎರವಲು ತಂದಂತಿದ್ದವು.

ಭಾನುವಾರ ಬೆಳಿಗ್ಗೆ ಇನ್ನೊಂದು ಸಲ ಫೋನು: ಒಂದು ಕೋಟು ಸಾಕೇ, ಎರಡು ಬೇಕೇ? “ಎರಡು. ಇಲ್ಲದಿದ್ರೆ ಹಳೇ ಕಂದು ಇಣುಕಿ ನೋಡುತ್ತೆ” ಎಂಬ ಉತ್ತರ ಬಂತು. ಎರಡನೆಯ ಕೋಟು ಸಾಗಿತು. ಕೊನೆಗೆ ಮೆಟ್ಟಿಲಂಚಿಗೆ ಒಂದು ಕೆಂಪು ಪಟ್ಟೆ ಎಳೆದ. ಅದಕ್ಕೆ ಯಾರನ್ನೂ ಕೇಳಬೇಕಿರಲಿಲ್ಲ; ಉಸಿರು ಬಿಗಿಹಿಡಿದು ಒಂದೇ ಎಳೆತ, ಕೂದಲೆಳೆಯಷ್ಟೂ ಅಲುಗಲಿಲ್ಲ.

ಸಾಯಂಕಾಲ ಮಗಳ ಕಾರು ಬಂತು. ಹೆಂಡತಿ ಕೋಲೂರಿಕೊಂಡು ಇಳಿದು, ನೇರ ಪ್ಯಾಸೇಜಿನ ಬಾಯಿಗೆ ಬಂದು ನಿಂತಳು. ಹಿಂದೆ ಮಗಳು, ಮಗ. ಪ್ಯಾಸೇಜ್ ಬೆಳಗುತ್ತಿತ್ತು. ಬೋರ್ಡಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ.

“ಎಷ್ಟು ಹೊತ್ತು ಹಿಡೀತು ಅಂತ ಕೇಳು.”

“ಎಷ್ಟು ಹಿಡೀತಪ್ಪಾ?” ಎಂದಳು ಮಗಳು.

“ಕಾಲು ಗಂಟೆ! ಅದರಲ್ಲೂ ಐದು ನಿಮಿಷ ಡಬ್ಬಿ ಮುಚ್ಚಳ ತೆಗೆಯೋಕೆ ಹೋಯ್ತು. ಬ್ರಷ್ಷು ಮುಟ್ಟಿಸಿದ್ದೇ ತಡ, ಬಣ್ಣ ತಾನಾಗಿ ಓಡಿಹೋಗಿ ಗೋಡೆ ಹಿಡ್ಕೊಳ್ತು.”

“ಹಾಗಾದ್ರೆ ಶುಕ್ರವಾರ ಫೋನ್ ಮಾಡಿದ್ದು ಯಾಕೆ?” ಎಂದಳು ಹೆಂಡತಿ.

“ನಿನ್ನ ಮರೆವಿನ ಪರೀಕ್ಷೆಗೆ.”

“ಶನಿವಾರದ್ದು?”

“ಅದು... ಎರಡನೇ ಭಾಗ.”

“ಇವತ್ತು ಬೆಳಿಗ್ಗೆದು?”

ಬೋರ್ಡಪ್ಪ ಗೋಡೆಯನ್ನು ನೋಡಿದ. ಗೋಡೆ ಅವನ ಸಹಾಯಕ್ಕೆ ಬರಲಿಲ್ಲ.

“ಗೋಡೆ ಚೆನ್ನಾಗಿದೆ,” ಎಂದಳು ಹೆಂಡತಿ. “ನನ್ನದೊಂದೇ ಷರತ್ತು. ಮಕ್ಕಳ ಮುಂದೆ ನಿಜ ಹೇಳಿ. ಇಲ್ಲಾಂದ್ರೆ ಕಾರು ಇನ್ನೂ ಬಾಗಿಲಲ್ಲೇ ಇದೆ.”

“ಏನು ನಿಜ?”

“ಯಾವುದಾದ್ರೂ. ಒಂದು ಸಾಕು.”

ಬೋರ್ಡಪ್ಪ ಗಂಟಲು ಸರಿಮಾಡಿಕೊಂಡ. ನಿಜ ಹೇಳಿ ಅಭ್ಯಾಸವಿಲ್ಲದ ಗಂಟಲು. ಎರಡು ಸಲ ಕೆಮ್ಮಿತು.

“ನಲವತ್ತು ವರ್ಷದಲ್ಲಿ ನಾನು ಒಂದು ಗೋಡೆಗೂ ಬಣ್ಣ ಹೊಡೆದೋನಲ್ಲ ಕಣ್ರೋ. ಎಲ್ಲಾ ನಿಮ್ಮಮ್ಮ ಹೊಡೆದದ್ದು. ನಾನು ಅದರ ಮೇಲೆ ಬರೆದೋನು, ಅಷ್ಟೆ. ಇದಕ್ಕೂ ಅವಳನ್ನ ಕೇಳಿಕೇಳಿ ಹೊಡೆದೆ. ಮೂರು ದಿನ ಆಯ್ತು.”

ಮಗ ಬಾಯಿ ತೆರೆದ. ಆದರೆ ಈ ಸಲ ‘ಹೌದಪ್ಪ’ ಬರಲಿಲ್ಲ. “ನಿಜವಾಗ್ಲೂ?” ಎಂದ.

ಅಷ್ಟರಲ್ಲಿ ಹೆಂಡತಿ ಹೊರಟಾಗಿತ್ತು. ಮಗಳು ಚಾಚಿದ ಕೈಯನ್ನು ಪಕ್ಕಕ್ಕೆ ಸರಿಸಿ, ಕೋಲೂರುತ್ತ, ಕೆಂಪು ಪಟ್ಟೆಯ ಹತ್ತಿರ ಒಂದು ಗಳಿಗೆ ನಿಂತು, ಮೆಟ್ಟಿಲಿಳಿದು, ಬಚ್ಚಲ ಬಾಗಿಲ ತನಕ ಒಬ್ಬಳೇ ನಡೆದಳು. ಅಲ್ಲಿ ಗೋಡೆಯ ಮೇಲೆ ಅಂಗೈ ಆಡಿಸಿ, ಮುಖ ಹತ್ತಿರ ತಂದು ನೋಡಿದಳು.

“ರೀ, ಇಲ್ಲಿ ಹಳೇ ಕಂದು ಇಣುಕ್ತಿದೆಯಲ್ಲ. ಎರಡನೇ ಕೋಟು ಎಲ್ಲಿ?”

ಅವನ ನಾಲಗೆಯ ತುದಿಯಲ್ಲಿ ಒಂದು ಭರ್ಜರಿ ಉತ್ತರ ಎದ್ದು ನಿಂತಿತ್ತು. ಬೋರ್ಡಪ್ಪ ಅದನ್ನು ನುಂಗಿಕೊಂಡ.

“ಮೆಟ್ಟಿಲವರೆಗೆ ಹೊಡೆದೆ ಕಣೇ. ಆಚೆ ಹೊಡೆದಿಲ್ಲ. ತೋಳು ಮೇಲೇಳಲಿಲ್ಲ. ನೀನು ಅಲ್ಲೀತನಕ ಹೋಗಿ ನೋಡಲ್ಲ ಅಂದ್ಕೊಂಡಿದ್ದೆ.”