ನೀರಿದ್ದೂ ಮಣ್ಣು

ಬದುಕಿರುವವರ ಮನೆಯಲ್ಲಿ ನೀರಮ್ಮನಿಗೆ ಕುರ್ಚಿ ಹಾಕಿದವರಿಲ್ಲ. ಸತ್ತವರ ಮನೆಯಲ್ಲಿ ಅವಳಿಲ್ಲದೆ ಕೆಲಸ ಸಾಗಿದ್ದಿಲ್ಲ. ಆ ಕೇರಿಯಲ್ಲಿ ಹೆಂಗಸರು ಯಾರೇ ತೀರಿಕೊಳ್ಳಲಿ, ಕೊನೆಯ ಸ್ನಾನ ಮಾಡಿಸುವವಳು ಅವಳು, ಅದಕ್ಕೇ ಕೇರಿ ಇಟ್ಟ ಆ ಹೆಸರು. ಅವಳಿಗೆ ಮುಂಚೆ ಅವಳ ಅತ್ತೆ, ಅತ್ತೆಗೆ ಮುಂಚೆ ಅತ್ತೆಯ ಅತ್ತೆ. ದೇವರ ಮುಂದೆ ಎಲ್ಲರೂ ಒಂದೇ ಎಂದು ಮಸೀದಿಯಲ್ಲಿ ವಾರವಾರವೂ ಹೇಳುತ್ತಾರೆ. ಹೇಳಲಿ, ಕೇಳಲು ಇಂಪಾಗಿರುತ್ತದೆ. ಮದುವೆ ಊಟದಲ್ಲಿ ಮಾತ್ರ ಅವಳ ತಟ್ಟೆ ಹಿತ್ತಿಲ ಬಾಗಿಲಿಗೇ ಬರುತ್ತಿತ್ತು.

ಅವತ್ತು ಬೆಳಿಗ್ಗೆ ತೀರಿಕೊಂಡವಳು ಟೈಲರಕ್ಕ. ಹುಟ್ಟಿದಾಗ ಗಂಡುಮಗು ಎಂದು ಬರೆಸಿದ್ದರು. ತಾನು ಹೆಣ್ಣು ಎಂದಾಗ ಹೆತ್ತವರೇ ಹೊರಗೆ ಹಾಕಿದರು. ಈ ಕೇರಿಗೆ ಬಂದು, ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು, ಮೂವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದಳು. ಬೆನ್ನ ಹಿಂದೆ ಜನ ಏನೆನ್ನುತ್ತಿದ್ದರೋ ಬಿಡಿ; ಮದುವೆಯ ಕಾಲ ಬಂತೆಂದರೆ ಅವಳ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ನೀರಮ್ಮ ಚೊಂಬು, ಬಟ್ಟೆ ತೆಗೆದುಕೊಂಡು ಹೋಗುವಷ್ಟರಲ್ಲಿ ಮಸೀದಿ ಕಮಿಟಿಯ ಅಧ್ಯಕ್ಷರು ಅಂಗಡಿಯ ಬಾಗಿಲಿಗೆ ಅಡ್ಡ ನಿಂತಿದ್ದರು.

"ನೀನು ವಾಪಸ್ ಹೋಗು. ಗಂಡಸರು ತೊಳೆಯಲ್ಲ ಅಂದ್ರು, ಹೆಂಗಸರು ತೊಳೆಯೋ ಹಾಗಿಲ್ಲ. ಕೈಗೆ ಬಟ್ಟೆ ಸುತ್ಕೊಂಡು, ಒಣ ಮಣ್ಣು ಮುಟ್ಟಿ ಹೆಣದ ಮುಖಕ್ಕೂ ಕೈಗೂ ಸವರಿದ್ರೆ ಮುಗೀತು. ಕಿತಾಬಿನಲ್ಲಿ ಅದಕ್ಕೂ ದಾರಿ ಇದೆ."

"ಅದು ನೀರು ಸಿಗದೋರಿಗೆ ಅಲ್ವಾ ಯಜಮಾನ್ರೇ? ಒಳಗೆ ನಲ್ಲಿ ಇದೆ."

"ಅಧಿಕಪ್ರಸಂಗ ಬೇಡ. ಅದನ್ನ ಮುಟ್ಟಿದ್ಯೋ, ಇನ್ಮೇಲೆ ನಮ್ಮ ಹೆಂಗಸರನ್ನ ಮುಟ್ಟೋ ಹಾಗಿಲ್ಲ. ತೊಳೆಯೋಕೆ ಬೇರೆಯವರನ್ನ ಕರೆಸ್ತೀವಿ."

ನೀರಮ್ಮನಿಗೆ ಬರುತ್ತಿದ್ದುದು ಆ ಕೆಲಸ ಒಂದೇ. ಭಯವಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಹೆಣ ಮುಟ್ಟಿದ ಕೈ ಎನ್ನದೆ ಅವಳ ಕೈ ಹಿಡಿದು ಕೂರಿಸಿ, ಒಂದೇ ತಟ್ಟೆಯಲ್ಲಿ ಜೊತೆಗೆ ಉಂಡವಳು ಇಡೀ ಕೇರಿಯಲ್ಲಿ ಟೈಲರಕ್ಕ ಒಬ್ಬಳೇ. ಅವಳಿಗೆ ಮಣ್ಣು ಸವರಿ ಕೈತೊಳೆದುಕೊಳ್ಳಬೇಕಂತೆ. ಮೈಯೆಲ್ಲ ಉರಿದುಹೋಯಿತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆ ಹೆಂಗಸರ ಎದೆ, ಸೊಂಟದ ಅಳತೆ ತಗೊಂಡೋಳು ಇವಳು. ಪರದೆ ಎಳೆದು, ಒಳಗೆ ನಿಲ್ಲಿಸ್ಕೊಂಡು. ಗಂಡಸು ಟೈಲರ್ ಬೇಡ, ಟೈಲರಕ್ಕನ ಹತ್ರ ಹೋಗು ಅಂತ ಕಳಿಸ್ತಿದ್ದೋರೇ ನೀವು. ಅಳತೆ ತಗೊಳ್ಳೋವಾಗ ಹೆಣ್ಣು, ಸತ್ತ ಮೇಲೆ ಅಲ್ವಾ?"

ನಿಂತಿದ್ದ ಗಂಡಸರಲ್ಲಿ ಒಬ್ಬರಿಗೆ ಕೆಮ್ಮು ಬಂತು. ಇನ್ನೊಬ್ಬರಿಗೆ ತಮ್ಮ ಚಪ್ಪಲಿಯಲ್ಲಿ ಏನೋ ನೋಡುವುದಿತ್ತು. ಅಧ್ಯಕ್ಷರು ಅವರ ಕಡೆ ತಿರುಗಿದಾಗ ನೀರಮ್ಮ ನುಸುಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಆದರೆ ಅದು ಒಬ್ಬಳಿಂದಾಗುವ ಕೆಲಸವಲ್ಲ. ಒಬ್ಬರು ಮೈ ಹೊರಳಿಸಬೇಕು, ಒಬ್ಬರು ನೀರು ಹೊಯ್ಯಬೇಕು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ್ದ ಟೈಲರಕ್ಕನನ್ನು ಹೊರಳಿಸಲು ಹೋಗಿ ಅವಳು ಏದುಸಿರು ಬಿಡುತ್ತಿದ್ದಾಗ ಹಿಂಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅಧ್ಯಕ್ಷರ ಹೆಂಡತಿ.

"ಹೇಳು, ನಾನೇನು ಮಾಡ್ಲಿ?" ಎಂದು ಆಕೆ ತೋಳು ಮೇಲೇರಿಸಿಕೊಂಡರು.

"ಅಕ್ಕಾ, ಯಜಮಾನ್ರು..."

"ಅವರನ್ನ ಮನೇಲಿ ನೋಡ್ಕೋತೀನಿ. ಕಾಯಿಲೆ ಬಂದು ನನ್ನ ಒಂದು ಎದೆ ತೆಗೆದಾಗ, ಒಳಗೆ ಹತ್ತಿ ಇಟ್ಟು ಹೊಲಿದು ಕೊಟ್ಟೋಳು ಇವಳು. ಇವತ್ತಿನವರೆಗೂ ಕೇರಿಗೆ ಗೊತ್ತಾಗಿಲ್ಲ."

ನೀರಮ್ಮನ ಕಸುಬಿಗೊಂದು ನೇಮವಿತ್ತು. ಮೈಮೇಲೆ ಬಟ್ಟೆ ಹೊದಿಸಿ, ಅದರೊಳಗೇ ಕೈಯಾಡಿಸಿ ತೊಳೆಯಬೇಕು, ಕಣ್ಣು ಹಾಯಿಸುವಂತಿಲ್ಲ. ತೊಳೆಯುವವಳೇ ನೋಡದ ಮೈಯನ್ನು ಹೊರಗೆ ನಿಂತವರು ಬೆಳಗಿನಿಂದ ಬಾಯಲ್ಲೇ ಬೆತ್ತಲು ಮಾಡುತ್ತಿದ್ದರು. ನಾಚಿಕೆಗೆಟ್ಟವರು. ಇಬ್ಬರೂ ಬಲಗಡೆಯಿಂದ ಶುರು ಮಾಡಿದರು. ಮೂರು ಸಲ ತೊಳೆಯಬೇಕು. ಎರಡು ಸಲ ಮುಗಿಯಿತು. ಅಷ್ಟರಲ್ಲಿ ನಲ್ಲಿ ಗೊರಗೊರ ಎಂದು ನಿಂತುಹೋಯಿತು. ಬೀದಿಯಲ್ಲಿ ಯಾರೋ ವಾಲ್ವ್ ತಿರುಗಿಸಿದ್ದರು.

"ನೀರು ನಿಂತೋಯ್ತಲ್ಲ," ಎಂದರು ಅಧ್ಯಕ್ಷರು ಬಾಗಿಲಾಚೆಯಿಂದ, "ಈಗಲಾದ್ರೂ ಮಣ್ಣು ಸವರಿ ಹೊರಗೆ ಬಾ ನೀರಮ್ಮ. ನಿನ್ನ ಕೆಲಸ ಹೇಗೂ ಹೋಯ್ತು."

ಅಧ್ಯಕ್ಷರ ಹೆಂಡತಿ ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಮುಂಬಾಗಿಲು ತೆರೆದರು. ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರು. ಹೆಂಡತಿಯ ತೋಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ರೀ, ನಾನು ಸತ್ತಾಗ ನನ್ನನ್ನ ತೊಳೆಯೋಳು ಇವಳೇ. ಎಲ್ಲರ ಮುಂದೆ ಹೇಳ್ತಿದ್ದೀನಿ, ಕೇಳಿಸ್ಕೊಳ್ಳಿ. ಈಗ ದಾರಿ ಬಿಡಿ."

ಆಕೆ ಬೀದಿ ದಾಟಿ ನೇರವಾಗಿ ಮಸೀದಿಯ ಅಂಗಳಕ್ಕೆ ಹೋದರು. ಅಲ್ಲಿ ಗಂಡಸರು ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ನಲ್ಲಿಗಳ ಸಾಲಿತ್ತು; ಅವಕ್ಕೆ ನೀರು ಮಸೀದಿಯದೇ ತೊಟ್ಟಿಯಿಂದ ಬರುತ್ತಿತ್ತು. ಹೆಂಗಸರು ಆ ಕಡೆ ಸುಳಿದವರೇ ಅಲ್ಲ. ಮೊದಲನೆಯ ನಲ್ಲಿಯ ಕೆಳಗೆ ಕೊಡ ಇಟ್ಟು, ತುಂಬುವವರೆಗೂ ಅಲ್ಲೇ ನಿಂತರು.

ತಂದ ಕೊಡವನ್ನು ನೀರಮ್ಮ ಎರಡೂ ಕೈಯಲ್ಲಿ ಇಸಿದುಕೊಂಡಳು. ಈ ಸಲ ಬಾಗಿಲಿಗೆ ಚಿಲಕ ಹಾಕಲಿಲ್ಲ, ಪರದೆ ಮಾತ್ರ ಎಳೆದಳು. ಮಸೀದಿಯ ನೀರಿನಲ್ಲೇ ಟೈಲರಕ್ಕನ ಮೂರನೆಯ ಸ್ನಾನ ಮುಗಿಯಿತು.