ಗೋಡೆಗೊಂದು ಮೊಳೆ

ನನ್ನ ಮನೆ ಮಾಲೀಕರಿಗೆ ನಾನು ಮನಸ್ಸಿನಲ್ಲಿ ಇಟ್ಟ ಹೆಸರು ಗೋಡೆರಾಯ. ಎದುರಿಗೆ ಮಾತ್ರ ಅಣ್ಣಾ ಎನ್ನಬೇಕಿತ್ತು. ಪರದೇಶದಲ್ಲಿ ನಮ್ಮ ಭಾಷೆ ಆಡುವವರೊಬ್ಬರು ಸಿಕ್ಕರಲ್ಲ ಎಂದು ಹಿಗ್ಗಿ ಹೀರೇಕಾಯಿಯಾಗಿ ಅವರ ಮಹಡಿ ಕೋಣೆಗೆ ಬಂದ ಮೊದಲ ದಿನವೇ ಅವರು ಹೇಳಿಬಿಟ್ಟಿದ್ದರು.

"ಓನರ್ ಗೀನರ್ ಅನ್ಬೇಡಮ್ಮ. ಅಣ್ಣ ಅನ್ನು. ನೀನು ನನ್ನ ತಂಗಿ ಇದ್ದ ಹಾಗೆ."

ಆಮೇಲೆ ಅಣ್ಣ ತಂಗಿಗೆ ಷರತ್ತುಗಳನ್ನು ಹೇಳಿದರು. ಕೋಣೆಯಲ್ಲಿ ಒಲೆ ಹಚ್ಚಕೂಡದು. ಕಿಟಕಿಗೆ ಬಟ್ಟೆ ಹಾಕಕೂಡದು. ಬೀರುವಿನಲ್ಲಿ ಅವರ ಹಳೇ ಸಾಮಾನಿದೆ, ಅದಕ್ಕೆ ಬೀಗ. ಕೆಳಗಿನ ಅಂಚೆ ಡಬ್ಬಿಯ ಮೇಲೆ ನನ್ನ ಹೆಸರು ಬರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆಗೆ ಮೊಳೆ ಹೊಡೆಯಕೂಡದು, ಟೇಪು ಅಂಟಿಸಕೂಡದು, ಬೆನ್ನು ಕೊಟ್ಟು ಒರಗಕೂಡದು.

"ಒರಗೋದೂ ಬೇಡ್ವಾ ಅಣ್ಣ?"

"ತಲೆಗೆ ಎಣ್ಣೆ ಹಾಕ್ತೀಯಲ್ಲ. ಕಲೆ ಆಗತ್ತೆ."

ಪ್ರತಿ ಭಾನುವಾರ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಮೊದಲು, ಗೋಡೆರಾಯರು ಮೇಲೆ ಬಂದು ನಾಲ್ಕೂ ಗೋಡೆಗಳ ಫೋಟೋ ತೆಗೆಯುತ್ತಿದ್ದರು. "ಸ್ವಲ್ಪ ಸರಿಯಮ್ಮ" ಎನ್ನುತ್ತಿದ್ದರು. ಎಲ್ಲಿಗೆ ಸರಿಯಲಿ? ಮಂಚ ಬಿಟ್ಟರೆ ನಿಲ್ಲಲು ಎರಡು ಹೆಜ್ಜೆ ಜಾಗ. ಮೂಲೆಯಲ್ಲಿ ಮುದುರಿಕೊಂಡು ನಿಲ್ಲುತ್ತಿದ್ದೆ. ಒಂದು ಸಲ ನಗುತ್ತಾ, "ನಿಮ್ಮ ಮಗಳ ಮದುವೇಲೂ ಇಷ್ಟು ಫೋಟೋ ತೆಗ್ಸಿರಲ್ಲ ಅಲ್ವಾ ಅಣ್ಣ?" ಎಂದೆ. ಅವರಿಗೆ ನಗು ಬರಲಿಲ್ಲ. ಬಾಡಿಗೆ ತಿಂಗಳ ಒಂದನೇ ತಾರೀಖು ಕೈಗೇ ಕೊಡಬೇಕು. ರಸೀದಿ ಇಲ್ಲ. ಅಣ್ಣ ಎಲ್ಲಾದರೂ ತಂಗಿಗೆ ರಸೀದಿ ಬರೆದುಕೊಡುತ್ತಾನೆಯೇ?

ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದೆ. ಸಹಿಸದೆ ಇರಲು ನನಗೆ ಪುರಸೊತ್ತಾದರೂ ಎಲ್ಲಿತ್ತು? ನಾನು ದೊಡ್ಡ ಹೋಟೆಲೊಂದರಲ್ಲಿ ಕೋಣೆ ಸ್ವಚ್ಛ ಮಾಡುವವಳು. ದಿನಕ್ಕೆ ಹದಿನಾರು ಕೋಣೆ. ಅದು ಮುಗಿದ ಮೇಲೆ ಅದೇ ಹೋಟೆಲಿನ ನೆಲಮಾಳಿಗೆಯಲ್ಲಿ ಎರಡನೇ ಪಾಳಿ, ಚಾದರ ಟವೆಲುಗಳನ್ನು ಒಗೆಯುವ ಯಂತ್ರಗಳ ಮುಂದೆ. ಒಂದು ಕೋಣೆಗೆ ಇಪ್ಪತ್ತೈದು ನಿಮಿಷ. ನಮ್ಮ ಮೇಲ್ವಿಚಾರಕಿ ಎದುರಾದಾಗಲೆಲ್ಲ ಆ ಸಂಖ್ಯೆಯನ್ನೇ ಹೇಳುತ್ತಿದ್ದಳಾದ್ದರಿಂದ ಅವಳಿಗೆ ಇಪ್ಪತ್ತೈದು ಎಂದೇ ಹೆಸರಿಟ್ಟಿದ್ದೆ. ಊಟ ಅಲ್ಲೇ, ನೌಕರರ ಕ್ಯಾಂಟೀನಿನಲ್ಲಿ. ಸ್ನಾನ ಕೂಡ ಎಷ್ಟೋ ದಿನ ಅಲ್ಲೇ. ಗೋಡೆರಾಯರ ಕೋಣೆಗೆ ನಾನು ಬರುತ್ತಿದ್ದುದು ಬಿದ್ದುಕೊಳ್ಳುವುದಕ್ಕೆ ಮಾತ್ರ.

ನಮ್ಮ ಕೆಲಸದ ಜಾಣತನ ಇರುವುದು ಒಂದೇ ವಿಷಯದಲ್ಲಿ. ನಿನ್ನೆ ಈ ಕೋಣೆಯಲ್ಲಿ ಒಬ್ಬ ಮನುಷ್ಯ ಉಂಡ, ಅತ್ತ, ಗೊರಕೆ ಹೊಡೆದ ಎಂಬುದು ಇವತ್ತು ಬರುವವನಿಗೆ ಗೊತ್ತಾಗಬಾರದು. ದಿಂಬಿನ ತಗ್ಗು, ಕನ್ನಡಿಯ ಬೆರಳ ಗುರುತು, ಬಚ್ಚಲಿನ ಒಂದು ಕೂದಲು, ಎಲ್ಲ ಮಾಯವಾಗಬೇಕು. ಇದರಲ್ಲಿ ನಾನು ಎತ್ತಿದ ಕೈ. ಇಪ್ಪತ್ತೈದು ಕೂಡ ಒಪ್ಪಿಕೊಂಡಿದ್ದಳು.

ಇಷ್ಟೆಲ್ಲ ಒದ್ದಾಟ ಮಗಳಿಗಾಗಿ. ಅವಳಿಗೆ ಎಂಟು ವರ್ಷ. ಅವಳ ಅಪ್ಪ ನಮ್ಮನ್ನು ಬಿಟ್ಟು ಹೋದವನು, ಆ ಪುಣ್ಯಾತ್ಮನ ಮಾತು ಇಲ್ಲಿ ಬೇಡ. ಮಗಳು ಊರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಳು. ತಂಗಿಗೆ ಎರಡು ಮಕ್ಕಳು, ಈಗ ಮೂರನೆಯದಕ್ಕೆ ಏಳು ತಿಂಗಳ ಬಸುರಿ. ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಫೋನಿನಲ್ಲಿ ಅವಳ ಉಸಿರು ಕೇಳಿದರೇ ಗೊತ್ತಾಗುತ್ತಿತ್ತು.

ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದೆ. ಎಲ್ಲ ಕಾಗದವೂ ಸರಿಯಾಗಿ, ಕೊನೆಗೆ ಉಳಿದದ್ದು ಒಂದೇ. ನಾನು ಹೇಳಿದ ವಿಳಾಸದಲ್ಲಿ ನಿಜವಾಗಿ ವಾಸವಿದ್ದೇನೆಯೇ ಎಂದು ಕಚೇರಿಯವರು ಬಂದು ನೋಡಬೇಕು. ಅವರು ಎರಡು ಸಲ ಬಂದರು, ಎರಡು ಸಲವೂ ನಾನು ಹೋಟೆಲಿನಲ್ಲಿದ್ದೆ. ಆಮೇಲೆ ಫೋನಿಗೆ ಸಂದೇಶ ಬಂತು. ಮೂರನೆಯದು ಮತ್ತು ಕೊನೆಯದು, ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ. ತಪ್ಪಿದರೆ ಅರ್ಜಿ ವಜಾ, ಮತ್ತೆ ಹಾಕಲು ಒಂದು ವರ್ಷ ಕಾಯಬೇಕು.

ಗೋಡೆರಾಯರ ಬಳಿ ಹೋಗಿ ಗೋಗರೆದೆ. "ಅಣ್ಣಾ, ಇವಳು ಇಲ್ಲೇ ಇದ್ದಾಳೆ ಅಂತ ಒಂದು ಮಾತು ಹೇಳಿ. ಇನ್ನೇನೂ ಬೇಡ."

"ಅದು ಮಾತ್ರ ಆಗಲ್ಲಮ್ಮ. ಈ ಮನೇಲಿ ಬಾಡಿಗೆಯವರು ಯಾರೂ ಇಲ್ಲ ಅಂತ ನಾನು ಸರ್ಕಾರಕ್ಕೆ ಬರ್ಕೊಟ್ಟಿದ್ದೀನಿ. ಈಗ ಇದ್ದಾರೆ ಅಂದ್ರೆ ನನ್ನ ಕುತ್ತಿಗೆಗೇ ಬರತ್ತೆ. ಮೊದಲು ಬಂದಾಗಲೂ ಅದನ್ನೇ ಹೇಳಿ ಕಳ್ಸಿದೆ. ತಂಗಿ ಇದ್ದ ಹಾಗೆ, ಆಗಾಗ ಬಂದು ಹೋಗ್ತಾಳೆ ಅಂತ."

"ನನ್ನ ಮಗಳ ವಿಷಯ ಅಣ್ಣ."

"ಮಗಳು ಬಂದ್ರೆ ಗೋಡೆ ಮೇಲೆಲ್ಲ ಗೀಚ್ತಾಳೆ" ಎಂದರು ಗೋಡೆರಾಯರು. ತಮಾಷೆಗಲ್ಲ, ನಿಜವಾಗಿ ಯೋಚಿಸಿ ಹೇಳಿದರು.

ಅಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ನಾಚಿಕೆಯಿಲ್ಲದೆ, ಬಾಯಿಗೆ ಸೆರಗು ತುರುಕಿಕೊಳ್ಳದೆ ಅತ್ತೆ. ಎರಡು ವರ್ಷ ಬೆನ್ನು ಮುರಿದು ಬಾಡಿಗೆ ಕಟ್ಟಿದ ಕೋಣೆಯಲ್ಲಿ ನಾನು ಇರಲೇ ಇಲ್ಲವಂತೆ. ಬಾಡಿಗೆ ಕಟ್ಟಲು ಎರಡು ಪಾಳಿ ದುಡಿದೆನಲ್ಲ, ಅದಕ್ಕೇ ಇರಲಿಲ್ಲ.

ಇಪ್ಪತ್ತೈದರ ಕಾಲು ಹಿಡಿಯುವುದೊಂದು ಬಾಕಿ, ಉಳಿದಂತೆ ಎಲ್ಲ ಮಾಡಿ ಮಂಗಳವಾರದ ಅರ್ಧ ದಿನ ರಜೆ ಪಡೆದೆ. ಅದಕ್ಕೆ ಬದಲಾಗಿ ಎರಡು ವಾರ ಒಂದು ದಿನವೂ ಬಿಡುವಿಲ್ಲದೆ ದುಡಿಯಬೇಕೆಂದಳು. ಹೂಂ ಎಂದೆ. ಅವಳು ಆ ಹೊತ್ತಿನಲ್ಲಿ ಕಿಡ್ನಿ ಕೇಳಿದ್ದರೂ ಹೂಂ ಎನ್ನುತ್ತಿದ್ದೆನೇನೋ.

ಮಂಗಳವಾರ ಬಂತು. ಹತ್ತಕ್ಕೆ ಅಧಿಕಾರಿ ಬರುವುದು, ನಾನು ಆರಕ್ಕೇ ಎದ್ದು ಕುಳಿತೆ. ಬೆಳಕಿನಲ್ಲಿ ಆ ಕೋಣೆಯನ್ನು ನಾನು ಸರಿಯಾಗಿ ನೋಡಿದ್ದೇ ಅಪರೂಪ. ಮಾಡಲು ಏನೂ ಇಲ್ಲ. ನನ್ನ ಕೈಗಳಿಗೆ ಸುಮ್ಮನಿದ್ದು ಗೊತ್ತಿಲ್ಲ. ದೊಡ್ಡ ಮನುಷ್ಯರು ಬರುತ್ತಾರೆ, ಕೋಣೆ ಚೊಕ್ಕವಾಗಿರಲಿ, ಒಳ್ಳೆಯ ಹೆಂಗಸು, ಮಗುವನ್ನು ಚೆನ್ನಾಗಿ ಸಾಕುತ್ತಾಳೆ ಅನ್ನಿಸಲಿ ಎಂದು ಶುರು ಮಾಡಿದೆ. ನೆಲ ಒರೆಸಿದೆ. ನಲ್ಲಿ ಉಜ್ಜಿದೆ. ಬಾಚಣಿಗೆ, ಎಣ್ಣೆ ಬಾಟಲಿ, ಚಪ್ಪಲಿ, ಬಟ್ಟೆ ಎಲ್ಲವನ್ನೂ ಸೂಟ್‌ಕೇಸಿನಲ್ಲಿ ಜೋಡಿಸಿ ಮಂಚದಡಿಗೆ ತಳ್ಳಿದೆ. ಚಾದರವನ್ನು ನೆರಿಗೆಯಿಲ್ಲದಂತೆ ಎಳೆದು ನಾಲ್ಕೂ ಮೂಲೆ ಮಡಚಿದೆ. ಬಚ್ಚಲಿನ ಕಾಗದದ ಸುರುಳಿಯ ತುದಿಯನ್ನೂ ಹೋಟೆಲಿನಂತೆ ತ್ರಿಕೋನ ಮಾಡಿಟ್ಟೆ. ಬಾಗಿಲಲ್ಲಿ ನಿಂತು ನೋಡಿದೆ. ಇಪ್ಪತ್ತೈದಾದರೂ ಒಂದು ಕುಂದು ಹೇಳಲಾರಳು. ನನ್ನ ಬುದ್ಧಿಗೆ ಎಂಥ ಮಂಕು ಕವಿದಿತ್ತೋ, ನನಗೆ ಹೆಮ್ಮೆಯಾಯಿತು.

ಅಧಿಕಾರಿ ಹತ್ತೂ ಕಾಲಿಗೆ ಬಂದರು. ನಡುವಯಸ್ಸಿನ, ಸುಸ್ತಾದ ಮುಖದ ಮನುಷ್ಯ, ಕಂಕುಳಲ್ಲಿ ಫೈಲು. ಹಿಂದೆಯೇ ಗೋಡೆರಾಯರು, ಮುಗುಮ್ಮಾಗಿ ಕೈಕಟ್ಟಿಕೊಂಡು. ಅಧಿಕಾರಿ ಕೋಣೆಯ ನಡುವೆ ನಿಂತು ಸುತ್ತ ನೋಡಿದರು. ಟವೆಲು ಮುಟ್ಟಿದರು. ಒಣಗಿತ್ತು. ಕಸದ ಬುಟ್ಟಿ ನೋಡಿದರು. ಖಾಲಿ. ಬೀರು ತೆರೆಯಲು ಹೋದರು.

"ಅದರಲ್ಲಿ ನನ್ನ ಸಾಮಾನಿದೆ" ಎಂದರು ಗೋಡೆರಾಯರು ಅಧಿಕಾರಿಯ ಭಾಷೆಯಲ್ಲಿ.

"ನಿಮ್ಮ ಹೆಸರಿಗೆ ಬಂದ ಪತ್ರ, ಬಿಲ್ಲು ಏನಾದರೂ?" ಅಧಿಕಾರಿ ನನ್ನನ್ನು ಕೇಳಿದರು.

"ಇಲ್ಲ ಸರ್. ಡಬ್ಬಿ ಮೇಲೆ ಹೆಸರು ಹಾಕೋ ಹಾಗಿಲ್ಲ."

"ಅಡುಗೆ?"

"ಹೋಟೆಲಲ್ಲೇ ತಿಂತೀನಿ."

ಮಂಚದಡಿಯ ಸೂಟ್‌ಕೇಸು ಎಳೆದು ತೋರಿಸಿದೆ. ಅವರು ಅದನ್ನೂ, ಕಾಗದದ ತ್ರಿಕೋನವನ್ನೂ ನೋಡಿದರು. ಇವತ್ತು ಬಂದು ನಾಳೆ ಹೋಗುವವರ ಸಾಮಾನು ಹೀಗೇ ಇರುತ್ತದೆ. ನನಗೆ ಆಗ ಹೊಳೆಯಿತು. ಬೆಳಗಿನಿಂದ ಇಷ್ಟು ಹೊತ್ತು ನಾನು ಒರೆಸಿದ್ದು ಧೂಳನ್ನಲ್ಲ, ನನ್ನನ್ನೇ.

"ಕೆಟ್ಟದಾಗಿ ತಿಳಿಯಬೇಡಿ" ಎಂದರು ಅಧಿಕಾರಿ, ಮೆತ್ತಗೆ. "ಇಲ್ಲಿ ಒಬ್ಬರು ವಾಸ ಮಾಡುತ್ತಾರೆ ಅನ್ನೋದಕ್ಕೆ ಒಂದು ಗುರುತೂ ಇಲ್ಲ. ನಾನು ಕಂಡದ್ದನ್ನೇ ಬರೆಯಬೇಕು."

"ಸರ್, ನಾನು ಕೋಣೆ ಸ್ವಚ್ಛ ಮಾಡೋಳು. ಅದೇ ನನ್ನ ಕೆಲಸ. ನೀವು ಬರ್ತೀರಿ ಅಂತಾನೇ ಇದನ್ನೆಲ್ಲ..." ಅವರು ಪೆನ್ನಿನ ಮುಚ್ಚಳ ತೆಗೆದಿದ್ದರು.

"ನಾನು ಮೊದಲೇ ಹೇಳಿದ್ದೆನಲ್ಲ" ಎಂದರು ಗೋಡೆರಾಯರು. "ತಂಗಿಯ ಹಾಗೆ. ಬಂದು ಹೋಗುತ್ತಾಳೆ."

ಆ 'ತಂಗಿ' ಕೇಳಿ ನನ್ನ ಮೈ ಉರಿದುಹೋಯಿತು. ಇದು ಯೋಚಿಸಿ ಮಾಡಿದ ಕೆಲಸವಲ್ಲ, ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಸೂಟ್‌ಕೇಸಿನ ತಳದಲ್ಲಿ ಮಗಳು ಬರೆದು ಕಳಿಸಿದ ಚಿತ್ರವಿತ್ತು. ಒಂದು ಮನೆ, ಮುಂದೆ ಒಂದು ದೊಡ್ಡ ಗೊಂಬೆ, ಒಂದು ಸಣ್ಣ ಗೊಂಬೆ. ತಂಗಿ ಅದಕ್ಕೆ ರಟ್ಟು ಅಂಟಿಸಿ, ನೇತುಹಾಕಲು ದಾರ ಕಟ್ಟಿ ಕಳಿಸಿದ್ದಳು. ಮಂಚದ ಮೇಲಿನ ಗೋಡೆಗೆ ಹಾಕಿದ್ದೀನಿ ಅಂತ ಮಗಳಿಗೆ ಸುಳ್ಳು ಹೇಳಿದ್ದೆ. ತೋರಿಸು ಎಂದಾಗಲೆಲ್ಲ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಚಿತ್ರವನ್ನು ಗೋಡೆಗೆ ಒತ್ತಿ ಹಿಡಿಯುತ್ತಿದ್ದೆ. ಚಿತ್ರದ ಜೊತೆಗೇ ಒಂದು ಮೊಳೆಯೂ ಇತ್ತು. ಯಾವುದೋ ಅತಿಥಿಯ ಮಂಚದಡಿ ಸಿಕ್ಕಿದ್ದನ್ನು ಎತ್ತಿಟ್ಟುಕೊಂಡಿದ್ದೆ, ಯಾವತ್ತೋ ಒಂದು ದಿನ ಬೇಕಾಗುತ್ತದೆ ಎಂದು.

"ಗುರುತು ಬೇಕಾ?" ಎಂದೆ. ಚಿತ್ರ, ಮೊಳೆ ಎರಡನ್ನೂ ಎತ್ತಿಕೊಂಡು, ಒಂದು ಕಾಲಿನ ಕೆಲಸದ ಬೂಟು ಕಳಚಿ ಕೈಗೆ ತೆಗೆದುಕೊಂಡೆ. ಮಂಚ ಹತ್ತಿದೆ. ಆ ನೆರಿಗೆಯಿಲ್ಲದ ಚಾದರವನ್ನು ತುಳಿದುಕೊಂಡು ನಿಂತು, ಬೂಟಿನ ಹಿಮ್ಮಡಿಯಿಂದ ಮೊಳೆಯನ್ನು ಗೋಡೆಗೆ ಹೊಡೆದೆ. ಒಂದು ಏಟಿಗೆ ಅಂಗೈಯಗಲ ಗಾರೆ ಉದುರಿತು. ಇನ್ನೊಂದು ಏಟು. ಮೂರನೆಯದು. ಚಿತ್ರದ ದಾರವನ್ನು ಮೊಳೆಗೆ ಸಿಕ್ಕಿಸಿದೆ.

"ಅಯ್ಯೋ! ಅಯ್ಯೋ ನಿನ್ನ! ಇಳಿಯೇ ಕೆಳಗೆ!" ಗೋಡೆರಾಯರ ಬಾಯಿಂದ ಮೊದಲು ಬಂದದ್ದು ನಮ್ಮ ಭಾಷೆ. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಅವರ ಭಾಷೆಯಲ್ಲಿ, ಉಗುಳು ಹಾರಿಸುತ್ತ ಶುರುಮಾಡಿದರು. "ನೋಡಿ ಸರ್! ಇದನ್ನೂ ಬರೆದುಕೊಳ್ಳಿ! ಎರಡು ವರ್ಷ ಈ ಗೋಡೆಗೆ ಒಂದು ಗೀರು ಬಿದ್ದಿರಲಿಲ್ಲ. ಸುಳ್ಳಲ್ಲ, ದಾಖಲೆ ಇದೆ ನನ್ನ ಹತ್ತಿರ!" ಫೋನು ತೆಗೆದು ಅಧಿಕಾರಿಯ ಮೂಗಿಗೇ ಹಿಡಿದರು. "ಪ್ರತಿ ಭಾನುವಾರ ತೆಗೆದದ್ದು. ನೋಡಿ, ತಾರೀಖು ನೋಡಿ! ಹೋದ ವಾರ. ಅದರ ಹಿಂದಿನ ವಾರ. ಹೋದ ವರ್ಷ. ಎಲ್ಲಾದರೂ ಒಂದು ತೂತು ಇದೆಯೇ?"

ಅಧಿಕಾರಿ ಫೋನು ಕೈಗೆ ತೆಗೆದುಕೊಂಡರು. ಒಂದೊಂದೇ ಫೋಟೋ ಸರಿಸುತ್ತ ಹೋದರು. ಗೋಡೆರಾಯರು ತೂತು ಹುಡುಕುತ್ತಿದ್ದರು. ಅಧಿಕಾರಿಯ ಕಣ್ಣು ಗೋಡೆಯ ಮೇಲಿರಲಿಲ್ಲ. ನಾನು ಮಂಚದ ಮೇಲಿಂದ ಬಗ್ಗಿ ನೋಡಿದೆ. ಒಂದರಲ್ಲಿ ನನ್ನ ಅರ್ಧ ಮುಖ, ನಿದ್ದೆಗಣ್ಣು. ಒಂದರಲ್ಲಿ ಮೂಲೆಯಲ್ಲಿ ಮುದುರಿ ನಿಂತ ನಾನು, ತಲೆಗೆ ಟವೆಲು. ಒಂದರಲ್ಲಿ ನನ್ನ ಚಪ್ಪಲಿ, ಸೂಟ್‌ಕೇಸು, ಬಾಚಣಿಗೆ. ಚಳಿಗಾಲದ ಸ್ವೆಟರು. ಮತ್ತೊಂದು ಚಳಿಗಾಲ, ಅದೇ ಸ್ವೆಟರು, ಮೊಣಕೈಯಲ್ಲಿ ತೂತು.

"ನೂರಕ್ಕೂ ಮೇಲೆ ಭಾನುವಾರಗಳಿವೆ" ಎಂದರು ಅಧಿಕಾರಿ.

"ನೂರಾ ಮೂರು ಭಾನುವಾರ" ಎಂದರು ಗೋಡೆರಾಯರು, ಇನ್ನೂ ಅರ್ಥವಾಗದೆ. ಆಮೇಲೆ ಅರ್ಥವಾಯಿತು. ಅವರ ಮುಖ ಸುಣ್ಣ ಬಳಿದಂತಾಯಿತು, ಅವರ ಗೋಡೆಯ ಹಾಗೇ.

ಅಧಿಕಾರಿ ಆ ಫೋಟೋಗಳನ್ನು ತಮ್ಮ ಫೋನಿಗೆ ಕಳಿಸಿಕೊಂಡು, ಅಲ್ಲೇ ನಿಂತು ಬರೆದು ಸಹಿ ಮಾಡಿದರು. ಹತ್ತು ವಾರದಲ್ಲಿ ಮಗಳಿಗೆ ಕಾಗದ ಬರುತ್ತದೆ, ಅವಳು ಬಂದು ಸೇರುವ ತನಕ ವಿಳಾಸ ಬದಲಾಗಬಾರದು ಎಂದರು ನನಗೆ. ಎರಡು ವರ್ಷದ ಬಾಡಿಗೆಯವಳನ್ನು ಬಿಡಿಸಬೇಕಾದರೆ ಮೂರು ತಿಂಗಳು ಮುಂಚೆ ಬರೆದುಕೊಡಬೇಕು ಎಂದರು ಗೋಡೆರಾಯರಿಗೆ. ನಾನು ಮಂಚದ ಮೇಲೆ ನಿಂತೇ ಇದ್ದೆ, ಒಂದು ಕಾಲಲ್ಲಿ ಬೂಟಿಲ್ಲ.

ಅವರು ಹೋದ ಮೇಲೆ ಗೋಡೆರಾಯರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಕೂಗಲಿಲ್ಲ. "ಇವತ್ತೇ ಬರ್ಕೊಡ್ತೀನಿ. ಮೂರು ತಿಂಗಳು. ಅದಾದ ಮೇಲೆ ಒಂದು ಗಂಟೆ ಇರ್ಬಾರ್ದು" ಎಂದರು.

"ಬರ್ಕೊಡಿ" ಎಂದೆ. ಅಣ್ಣ ಎನ್ನಲಿಲ್ಲ.

ಕುಳಿತು ಲೆಕ್ಕ ಹಾಕಿದೆ. ಮೂರು ತಿಂಗಳೆಂದರೆ ಹದಿಮೂರು ವಾರ. ಹತ್ತು ಕಳೆದರೆ ಮೂರು. ಮೂರು ವಾರ ನನ್ನ ಮಗಳು ಈ ಮಂಚದ ಮೇಲೆ ನನ್ನ ಪಕ್ಕ ಮಲಗುತ್ತಾಳೆ. ಆಮೇಲೆ ಅವಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು, ಎರಡು ಪಾಳಿಗೆ ಹೋದಾಗ ಅವಳನ್ನು ಯಾರ ಬಳಿ ಬಿಡುವುದು, ದೇವರಾಣೆಗೂ ನನಗೆ ಗೊತ್ತಿಲ್ಲ. ಭಯವಾಯಿತು. ಇಷ್ಟು ದಿನ ಅವಳು ಬರುವುದಿಲ್ಲವೇನೋ ಎಂಬ ಭಯವಿತ್ತು, ಈಗ ಬರುತ್ತಾಳಲ್ಲ ಎಂಬ ಭಯ. ಫೋನು ಎರಡು ಸಲ ಬಡಿದುಕೊಂಡಿತು. ಇಪ್ಪತ್ತೈದು. ನಾನು ಎತ್ತಲಿಲ್ಲ.

ಮೂರನೆಯ ಸಲ ತಂಗಿಯ ಮನೆಯಿಂದ ಬಂತು. ಮಗಳು ಶಾಲೆಯಿಂದ ಬಂದಿದ್ದಳು, ಜಡೆಯೆಲ್ಲ ಬಿಚ್ಚಿಹೋಗಿತ್ತು.

"ಅಮ್ಮ, ಹಗಲಲ್ಲೇ ಮನೇಲಿದ್ದೀಯಾ?"

"ಹೂಂ ಕಣೇ. ಮನೇಲೇ ಇದ್ದೀನಿ."

"ನನ್ನ ಚಿತ್ರ ತೋರ್ಸು."

ಫೋನು ತಿರುಗಿಸಿದೆ. ಚಿತ್ರ ಸೊಟ್ಟಗೆ ನೇತಾಡುತ್ತಿತ್ತು, ಅದರ ಹಿಂದೆ ಉದುರಿದ ಗಾರೆ ಕಾಣುತ್ತಿತ್ತು. ಹೋಟೆಲಿನಲ್ಲಿ ದಿನಕ್ಕೆ ಹದಿನಾರು ಚಿತ್ರ ನೇರ ಮಾಡುವವಳು ನಾನು. ಇದನ್ನು ಮುಟ್ಟಲಿಲ್ಲ. ಅವಳು ಮುಖವನ್ನು ಫೋನಿನ ಹತ್ತಿರಕ್ಕೆ ತಂದು ನೋಡಿದಳು.

"ಅಮ್ಮ" ಎಂದಳು. "ಇವತ್ತು ಮೂಲೇಲಿ ನಿನ್ನ ಬೆರಳು ಕಾಣ್ತಾ ಇಲ್ಲ."

ಎರಡು ವರ್ಷದಿಂದ ಅವಳಿಗೆ ಗೊತ್ತಿತ್ತು, ಒಂದು ದಿನವೂ ಕೇಳಿರಲಿಲ್ಲ.