ಪಿಕಪ್ಪಿನ ಒಳಬಣ್ಣ

"ಸೊಂಟದ ಹಗ್ಗ ಬಿಗಿ ಮಾಡೋ, ಸೈಡಿಗಿ ವಾಲ್ಯಾನ!" ಚಾಳಿನ ಹಿರಿಯ ಶರಣಬಸಪ್ಪ ಕೆಳಗಿನಿಂದ ಕೂಗಿದ.

ಗ್ಯಾರೇಜಿನ ಜೊತೆಗಾರ ಯಲ್ಲಾಲಿಂಗ ಪಿಕಪ್ಪಿನ ಮೇಲೆ ನಿಂತು, ಚಂದ್ರಾಮನ ಬೆನ್ನನ್ನು ಕ್ಯಾಬಿನ್ನಿಗೆ ಆನಿಸಿ ಹಗ್ಗ ಎಳೆದ. ಲಿಂಗವಂತರಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಒಯ್ಯಬೇಕು. ಮುಂಬಯಿಯ ಶವದ ಗಾಡಿಯಲ್ಲಿ ಮಲಗಲಷ್ಟೇ ಜಾಗ. ಹೀಗಾಗಿ ಚಂದ್ರಾಮ ತಾನೇ ರಿಪೇರಿ ಮಾಡಿ ಜೀವ ಕೊಟ್ಟ ಹಳೆಯ ಗಾಡಿಯಲ್ಲಿ, ಹಣೆತುಂಬ ವಿಭೂತಿ ಧರಿಸಿ, ರುದ್ರಭೂಮಿಗೆ ಹೊರಟಿದ್ದ.

"ಮುಖ ಹಿಂದಕ್ಕಾತಲ್ಲೋ," ಎಂದಳು ನೆರೆಮನೆಯ ನಾಗವ್ವ.

"ಆಗಲಿ ಬಿಡವ್ವಾ. ಹುಟ್ಟಿದಾಗಿಂದ ಹಳೇದೇ ನೋಡಕೋತ ಬಂದಾನ," ಎಂದ ಶರಣಬಸಪ್ಪ.

ಅಳುತ್ತಿದ್ದವರೂ ನಕ್ಕರು. ಹೆಂಡತಿ ಕಸ್ತೂರಿಬಾಯಿ ನಗಲಿಲ್ಲ.

"ವೈನಿ, ಮುಂದ ಕೂಡ್ರಿ," ಎಂದು ಯಲ್ಲಾಲಿಂಗ ಕೆಳಗಿಳಿದ.

"ನಾ ರಿಕ್ಷಾದಾಗ ಬರ್ತೀನಿ."

"ಇವತ್ತರೇ ಕೂಡ್ರಿ. ಒಳಗೆಲ್ಲಾ ನೀವ ಕೇಳಿದ ಬಣ್ಣಾನೇ ಅಲ್ಲೇನು?"

"ನಾ ಯಾವ ಬಣ್ಣ ಕೇಳಿದ್ದೆನೋ?"

"ಹಸರ ಹಾಕ್ರಿ ಅಂದಿದ್ರಂತಲ್ರಿ! ನಿಮ್ಮ ಒಡದ ಗಾಜಿನ ಬಳಿ ಚೂರು ಜೇಬಿನಾಗಿಟಗೊಂಡು, ಅದೇ ಹಸರ ಬೇಕಂತ ಗೋರೆಗಾಂವ್ ತನಕ ಅಂಗಡಿ ಅಂಗಡಿ ಅಡ್ಡಾಡಿದ ಅಣ್ಣ."

ಕಸ್ತೂರಿಬಾಯಿ ಗಾಡಿಯ ಬಾಗಿಲು ಹಿಡಿದುಕೊಂಡಳು.

*

ವರ್ಷಗಳ ಹಿಂದೆ ಒಂದು ದಿನ ಕಾಂದಿವಲಿಯ ಗ್ಯಾರೇಜಿಗೆ ಅವಳು ಬುತ್ತಿ ಒಯ್ದಿದ್ದಳು. ಸೀಟು ಕಿತ್ತ ಕ್ಯಾಬಿನ್ನಿನೊಳಗೆ ಚಂದ್ರಾಮ ಕುಕ್ಕರಗಾಲಲ್ಲಿ ಕೂತು, ತುಕ್ಕು ತಿಂದ ಬಾಗಿಲನ್ನು ಪಾಲಿಶ್ ಪೇಪರಿನಿಂದ ತಿಕ್ಕುತ್ತಿದ್ದ. ಪಕ್ಕದಲ್ಲಿ ಕಂಪ್ರೆಸರ್ ಕಿವಿ ಗಡಚಿಕ್ಕುವ ಹಾಗೆ ಒದರುತ್ತಿತ್ತು.

ಬೇರೆ ಗಾಡಿಗಳಲ್ಲಿ ಸ್ಟೇರಿಂಗಿನ ಎದುರು ಗಂಡಹೆಂಡಿರ ಹೆಸರು ಜೋಡಿಯಾಗಿ ಬರೆಸಿದ್ದನ್ನು ಅವಳು ನೋಡಿದ್ದಳು. ತಮ್ಮದೂ ಹಾಗೆ ಇರಲೆಂಬ ಆಸೆ. ಆದರೆ ಮದುವೆಮನೆಯಲ್ಲಿ ಒಡಪಿನ ಪದ ಹಾಕುವಾಗ ಬಿಟ್ಟರೆ ಗಂಡನ ಹೆಸರನ್ನು ಬಾಯಲ್ಲಿ ತರುವುದುಂಟೆ? ಸೆರಗು ಜಗ್ಗಿಕೊಂಡು ಇಷ್ಟೇ ಅಂದಳು:

"ಒಳಗ ಹೆಸರ ಹಾಕ್ರಿ."

"ಹೂಂ, ಹೂಂ," ಎಂದು ಅವನು ಮುಖವರಳಿಸಿ ನಕ್ಕ. ಆ ನಗೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ಮನೆಗೆ ಬಂದಳು.

ಕೆಲಸ ಮುಗಿದ ದಿನ ಅವನೇ ಕರೆದೊಯ್ದು ಬಾಗಿಲು ತೆರೆದ. ಬಾಗಿಲು, ಡ್ಯಾಶ್‌ಬೋರ್ಡು, ನೆತ್ತಿಯ ತಗಡು, ಎಲ್ಲ ಹಸಿರು. ಹೊಸ ಚಿಗುರಿನ ಹಾಗೆ ಮಿರಮಿರ. ಹೆಸರು ಮಾತ್ರ ಎಲ್ಲೂ ಇಲ್ಲ.

"ಕೂಡು," ಎಂದು ಅವನು ಹೆಗಲ ಮೇಲಿನ ವಸ್ತ್ರದಿಂದ ಸೀಟು ಒರೆಸಿದ.

"ವಾಸನಿ ತಲಿಗಿ ಹತ್ತತದ," ಎಂದು ಅವಳು ತಿರುಗಿ ನಡೆದಳು.

ಅವನು ಬಾಗಿಲು ಹಿಡಿದೇ ನಿಂತಿದ್ದ. ಮತ್ತೆಂದೂ ಕೂಡೆಂದು ಕರೆಯಲಿಲ್ಲ. ಯಾಕೆ ಕೂಡಲಿಲ್ಲವೆಂದು ಇವಳೂ ಹೇಳಲಿಲ್ಲ. ಬಣ್ಣದ ವಾಸನೆ ಹೋಗಿ ವರ್ಷಗಳಾದವು.

*

ಅವಳು ಹತ್ತಿ ಕೂತಳು. ಯಲ್ಲಾಲಿಂಗ ಗೇರು ಹಾಕಿದ. ಕ್ಯಾಬಿನ್ನಿನ ಹಿಂದಿನ ಕಿಟಕಿಗೆ ಗಾಜಿರಲಿಲ್ಲ. ಅಳತೆಯದು ಎಲ್ಲೂ ಸಿಕ್ಕಿರಲಿಲ್ಲ. ಅದರಾಚೆಗೇ ಚಂದ್ರಾಮನ ಬೆನ್ನು.

ಅವಳು ಕಿಟಕಿಗೆ ಬಾಯಿ ಹಚ್ಚಿದಳು. "ಹೆಸರ ಅಂದಿದ್ದೆರೀ ನಾ. ನಿಮ್ದೂ, ನಂದೂ."

"ಏನಂದ್ರಿ ವೈನಿ?" ಎಂದ ಯಲ್ಲಾಲಿಂಗ.

"ನಿನಗಲ್ಲೋ."

ನಾಕಾ ದಾಟುವಾಗ ಗಾಡಿ ಗುಂಡಿಗಿಳಿದು ಎದ್ದಿತು. ಹಗ್ಗ ಕಿರುಗುಟ್ಟಿ ಚಂದ್ರಾಮ ಒಂದು ಮಗ್ಗುಲಿಗೆ ವಾಲಿದ. ಕಸ್ತೂರಿಬಾಯಿ ಕಿಟಕಿಯೊಳಗಿಂದ ಕೈ ಚಾಚಿ ಅವನ ಬೆನ್ನಿಗೆ ಅಂಗೈ ಆನಿಸಿದಳು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೂ ಆ ಕೈ ಒಳಗೆ ಬರಲಿಲ್ಲ.